ಸಿಗರೇಟು ಬಿಟ್ಟು ಏನು ಬಂತು ಅಂತ ಕೇಳುವವರಿಗೆ

"ಇಷ್ಟು ವರ್ಷ ಸೇದಿ, ಈಗ ಬಿಟ್ಟು ಏನು ಬಂತು?" ಸಿಗರೇಟು ಬಿಟ್ಟಾಗಿನಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಓದಿ ಅನ್ನುತ್ತೇನೆ.

ಕೊನೆಯ ಸಿಗರೇಟು ಆರಿದ 20 ನಿಮಿಷದಲ್ಲೇ ನಾಡಿ ಬಡಿತ, ರಕ್ತದೊತ್ತಡ ಇಳಿಯತೊಡಗುತ್ತವೆ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂತ ಕಾರ್ಬನ್ ಮಾನಾಕ್ಸೈಡ್ ಒಂದೆರಡು ದಿನದಲ್ಲಿ ಖಾಲಿಯಾಗುತ್ತದೆ. ವರ್ಷ ಕಳೆಯುವಷ್ಟರಲ್ಲಿ ಹೃದ್ರೋಗದ ಅಪಾಯ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ, ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. "ಇಷ್ಟು ವರ್ಷ" ಅಂತ ರಾಗ ಎಳೆಯುವವರಿಗೆ ಇನ್ನೊಂದು ಮಾತು. ಬ್ರಿಟನ್ನಿನ ವೈದ್ಯರನ್ನೇ 1951ರಿಂದ 50 ವರ್ಷ ಗಮನಿಸಿದ ಅಧ್ಯಯನವೊಂದಿದೆ, ರಿಚರ್ಡ್ ಡಾಲ್ ಮತ್ತು ಸಂಗಡಿಗರದು. 60ನೇ ವಯಸ್ಸಿನಲ್ಲಿ ಬಿಟ್ಟವರಿಗೂ ಸರಾಸರಿ 3 ವರ್ಷ ಆಯುಸ್ಸು ಹೆಚ್ಚಿತ್ತು. 50ರಲ್ಲಿ ಬಿಟ್ಟವರಿಗೆ 6, 40ರಲ್ಲಿ ಬಿಟ್ಟವರಿಗೆ 9. ಏನು ಬಂತು ಅಂದರೆ, ಇದು ಬಂತು.

ಆದರೆ ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದನ್ನು ಕೇಳುವ ಹೊತ್ತಿಗೆ. ಬಿಟ್ಟ ಹೊಸತರಲ್ಲಿ ನೆಂಟರ ಮಧ್ಯೆ ಕೂತಿದ್ದೆ. ಕೆಮ್ಮು ಬಂತು, ನಿಲ್ಲಲೇ ಇಲ್ಲ. ಹಿರಿಯರೊಬ್ಬರು ಎಲ್ಲರಿಗೂ ಕೇಳುವಂತೆ ಅಂದರು: "ಸೇದುವಾಗ ಚೆನ್ನಾಗಿಯೇ ಇದ್ದೆಯಲ್ಲ. ಬಿಟ್ಟೇ ಆರೋಗ್ಯ ಕೆಡಿಸಿಕೊಂಡೆ ನೋಡು." ನಾಲ್ಕು ಜನ ತಲೆಯಾಡಿಸಿದರು. ಅವತ್ತು ಆಸೆ ಹುಟ್ಟಿಸಿದ್ದು ಸಿಗರೇಟಲ್ಲ, ಆ ತಲೆಯಾಟ.

ಆ ಕೆಮ್ಮಿನ ಕತೆಯೇ ಬೇರೆ. ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದ ಕೂದಲುಗಳಿವೆ. ಕಫವನ್ನು, ಧೂಳನ್ನು ಮೇಲಕ್ಕೆ ಗುಡಿಸಿ ಹಾಕುವುದು ಅವುಗಳ ಕೆಲಸ. ಹೊಗೆ ಅವನ್ನು ಮಂಕು ಮಾಡಿರುತ್ತದೆ. ಬಿಟ್ಟ ಮೇಲೆ ಅವು ಚೇತರಿಸಿಕೊಂಡು ಕೆಲಸಕ್ಕೆ ಇಳಿಯುತ್ತವೆ, ಅದಕ್ಕೇ ಕೆಲವರಿಗೆ ಮೊದಲ ವಾರಗಳಲ್ಲಿ ಕೆಮ್ಮು ಹೆಚ್ಚುತ್ತದೆ, ಆಮೇಲೆ ತಗ್ಗುತ್ತದೆ. (ರಕ್ತ ಬಿದ್ದರೆ, ಕೆಮ್ಮು ವಾರಗಟ್ಟಲೆ ಹಾಗೇ ಉಳಿದರೆ ಮಾತ್ರ ಡಾಕ್ಟರಿಗೆ ತೋರಿಸಲೇಬೇಕು.)

ಕೈ ನಡುಕ, ನಿದ್ದೆಗೇಡು? ಒಂದು ಕಾರಣ, ನಿಕೋಟಿನ್ ಇಲ್ಲದ್ದು. ಇನ್ನೊಂದರ ಬಗ್ಗೆ ಯಾರೂ ಹೇಳುವುದಿಲ್ಲ: ಹೊಗೆಯ ರಾಸಾಯನಿಕಗಳಿಂದ ಯಕೃತ್ತು ಕಾಫಿಯ ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಸೇದುವುದು ನಿಂತರೆ ಆ ವೇಗವೂ ಇಳಿಯುತ್ತದೆ, ಅಷ್ಟೇ ಕಾಫಿ ಕುಡಿದರೂ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕಾಫಿ ಕಡಿಮೆ ಮಾಡಿದ ಮೇಲೆ ನನಗೆ ರಾತ್ರಿ ನಿದ್ದೆ ಬಂತು. ಕೆಲವು ಔಷಧಿಗಳಿಗೂ ಹೀಗೇ ಆಗುತ್ತದೆ, ದಿನಾ ಮಾತ್ರೆ ನುಂಗುವವರು ಬಿಟ್ಟ ವಿಷಯ ಡಾಕ್ಟರಿಗೆ ಹೇಳಿಬಿಡಿ.

ಹೌದು, ದಪ್ಪ ಆಗಿದ್ದೇನೆ. ಹಸಿವನ್ನು ಅದುಮಿಟ್ಟಿದ್ದ ನಿಕೋಟಿನ್ ಹೋಯಿತು, ಊಟಕ್ಕೆ ರುಚಿ ಮರಳಿತು. ಹೃದಯಕ್ಕೆ ಆದ ಲಾಭ ಆ ತೂಕದಿಂದ ಅಳಿಸಿಹೋಗುವುದಿಲ್ಲ. ಆ ಮಾತು ಇಲ್ಲಿಗೆ ಸಾಕು.

ನನ್ನನ್ನು ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು: "ಈಗ ಸೇದಬೇಕು ಅನ್ನಿಸ್ತಿದೆಯಾ? ನಾನು ಸ್ವಲ್ಪ ಹೊತ್ತು ಇರಲಾ?" ಒಬ್ಬ ಗೆಳೆಯ ಮಾತ್ರ ಕೇಳಿದ. ಆ ತುಡಿತ ಒಂದು ಸಲಕ್ಕೆ ಕೆಲವು ನಿಮಿಷವಷ್ಟೇ ಇರುವುದು. ಅಷ್ಟು ಹೊತ್ತು ಫೋನಿನಲ್ಲಿ ಏನೋ ಹರಟುತ್ತಿದ್ದ, ಅದು ಇಳಿದುಹೋಗುತ್ತಿತ್ತು. ಉಪದೇಶ ಮಾಡಲಿಲ್ಲ, ಎಷ್ಟು ದಿನ ಆಯಿತು ಅಂತ ಲೆಕ್ಕ ಕೇಳಲಿಲ್ಲ.

ನಿಮ್ಮವರು ಯಾರಾದರೂ ಈ ವಾರ ಬಿಟ್ಟಿದ್ದರೆ ಅವರಿಗೆ ಫೋನ್ ಮಾಡಿ. ಮೊದಲ ಕೆಲವು ದಿನಗಳೇ ತೀರಾ ಕಷ್ಟ. ಸಿಡುಕಿದರೆ ಸಹಿಸಿಕೊಳ್ಳಿ. ಮತ್ತೆ ಸೇದಿಬಿಟ್ಟರೆ "ನಂಗೊತ್ತಿತ್ತು" ಅನ್ನಬೇಡಿ. ಎಷ್ಟೋ ಜನ ಹಲವು ಸಲ ಬಿಟ್ಟೇ ಕೊನೆಗೆ ಬಿಟ್ಟಿದ್ದಾರೆ. ನಿಕೋಟಿನ್ ಗಮ್ಮು, ಪ್ಯಾಚು, ಮಾತ್ರೆ, ಇವೆಲ್ಲ ಬಿಡುವ ಸಾಧ್ಯತೆಯನ್ನು ನಿಜವಾಗಿ ಹೆಚ್ಚಿಸುತ್ತವೆ. ಮುಂದಿನ ಸಲಕ್ಕೆ ಅವರಿಗೆ ಯಾವುದು ಸರಿಹೋದೀತು ಅಂತ ಕೇಳಲು ಡಾಕ್ಟರ ಹತ್ತಿರ ನೀವೂ ಜೊತೆಗೆ ಹೋಗಿ.