ಆರ್‌ಒ ಪೈಪ್ ನೋಡುತ್ತಾ

ಬೋರ್‌ವೆಲ್ ಬತ್ತಿತು ಅಂದ ತಕ್ಷಣ ಎಲ್ಲರೂ ಹೇಳೋದು ಒಂದೇ, ಇನ್ನೂ ಆಳಕ್ಕೆ ಕೊರೆಸಿ. ಆದರೆ ಅಷ್ಟು ಆಳದ ನೀರು ಹೋದ ವರ್ಷದ ಮಳೆಯದ್ದಲ್ಲ, ಎಷ್ಟೋ ಕಡೆ ಅದು ಸಾವಿರಾರು ವರ್ಷ ಹಳೆಯದು. ಖಾಲಿಯಾದರೆ ನಮ್ಮ ಕಾಲದಲ್ಲಂತೂ ಮತ್ತೆ ತುಂಬೋದಿಲ್ಲ. ಕೆಲವು ಕಡೆ ನೀರು ತೆಗೆದ ಮೇಲೆ ಕೆಳಗಿನ ಜೇಡಿಮಣ್ಣಿನ ಪದರ ಕುಗ್ಗಿ ನೆಲವೇ ಕುಸಿಯುತ್ತದೆ, ಆಮೇಲೆ ಎಷ್ಟು ಮಳೆ ಬಂದರೂ ಮೊದಲಿನಷ್ಟು ನೀರು ಹಿಡಿಯಲು ಅಲ್ಲಿ ಜಾಗವೇ ಇರೋದಿಲ್ಲ.

ಇದೆಲ್ಲ ತಲೆಗೆ ಬಂದಿದ್ದು ಸುಮ್ನೆ ಆರ್‌ಒ ಫಿಲ್ಟರ್‌ನ ಸಣ್ಣ ಪೈಪ್ ನೋಡುತ್ತಾ ನಿಂತಾಗ. 1 ಲೀಟರ್ ಕುಡಿಯುವ ನೀರಿಗೆ ಎಷ್ಟೋ ಮೆಷಿನ್‌ಗಳು ಸುಮಾರು 3 ಲೀಟರ್ ಹೊರಗೆ ಬಿಡುತ್ತವೆ! ಈಗ ಅದರ ಕೆಳಗೆ ಬಕೆಟ್ ಇಟ್ಟಿದ್ದೇನೆ. ನೆಲ ಒರೆಸೋಕೆ, ಟಾಯ್ಲೆಟ್‌ಗೆ ಆಗುತ್ತದೆ. ಗಿಡಗಳಿಗೆ ಮಾತ್ರ ದಿನಾ ಹಾಕಬೇಡಿ, ಉಪ್ಪಿನಂಶ ಜಾಸ್ತಿ.

ಅಂತರ್ಜಲದ ದೊಡ್ಡ ಪಾಲು ಹೋಗೋದು ವ್ಯವಸಾಯಕ್ಕೆ, ಬಕೆಟ್ ಇಟ್ಟರೆ ಅದೇನೂ ಮೇಲೆ ಬರಲ್ಲ, ಗೊತ್ತು. ಮಳೆ ನೀರಿನ ಲೆಕ್ಕ ಬೇರೆ. 100 ಚದರ ಮೀಟರ್ ತಾರಸಿ ಮೇಲೆ 10 ಮಿ.ಮೀ. ಮಳೆ ಬಿದ್ದರೆ 1000 ಲೀಟರ್. ಇಂಗುಗುಂಡಿ ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ, ಎಷ್ಟು ಆಳ ತೆಗೆಸಿದಿರಿ?