ಕರ್ಕ್‌ನ ಅಂಗಿ ಯಾವ ಬಣ್ಣ?

17 ನವೆಂಬರ್ 2024, ಭಾನುವಾರ

ಇವತ್ತು ಒಂದು ಅಂಗಿಯ ಮೇಲೆ ಇಡೀ ದಿನ ಜಗಳ. ಹೊಲಿಗೆ ಮಿಷನ್ ನನ್ನ ಹತ್ತಿರ ಇರುವುದರಿಂದ ಅಣ್ಣ, ಅಣ್ಣನ ಮಗಳು ಇಬ್ಬರೂ ಬೆಳಿಗ್ಗೆಯೇ ಬಂದಿದ್ದರು. ಅವಳು ಮುಂದಿನ ತಿಂಗಳು ಗೆಳತಿಯರ ಕೂಟಕ್ಕೆ ಸ್ಟಾರ್ ಟ್ರೆಕ್ ಅನ್ನುವ ಅಮೆರಿಕದ ಟಿವಿ ಸರಣಿಯ ಅಂತರಿಕ್ಷ ಹಡಗಿನ ಕ್ಯಾಪ್ಟನ್ ಕರ್ಕ್ ವೇಷ ಹಾಕುತ್ತಾಳಂತೆ. ಬಟ್ಟೆ ತಂದಿದ್ದಳು. ಮೇಜಿನ ಮೇಲೆ ಹರಡಿದ್ದೇ ತಡ, ಅಣ್ಣ ಎದ್ದು ನಿಂತ.

“ಇದೇನೇ, ಹಸಿರು ತಂದಿದ್ದೀಯ? ಕರ್ಕ್‌ದು ಹೊಂಬಣ್ಣ!”

“ಹಸಿರೇ ಅಪ್ಪ. ಇಷ್ಟು ವರ್ಷ ಟಿವಿ ನಿನಗೆ ಸುಳ್ಳು ಹೇಳಿದೆ.”

ಅವಳು ಹೇಳಿದ್ದು ಸರಿ. 1966ರಲ್ಲಿ ಶುರುವಾದ ಮೊದಲ ಸರಣಿಗೆ ಬಟ್ಟೆ ಮಾಡಿದವರು ವಿಲಿಯಂ ವೇರ್ ಥೈಸ್. ಕ್ಯಾಪ್ಟನ್ ಅಂಗಿಗೆ ಅವರು ಆರಿಸಿದ್ದು ಬೆಣ್ಣೆಹಣ್ಣಿನ ತಿರುಳಿನಂಥ ಹಸಿರು. ಆದರೆ ಮಖಮಲ್ಲಿನಂಥ ಆ ವೆಲೂರ್ ಬಟ್ಟೆ ಸ್ಟುಡಿಯೋ ದೀಪದ ಕೆಳಗೆ, ಆಗಿನ ಫಿಲ್ಮಿನಲ್ಲಿ ಹೊಂಬಣ್ಣವಾಗಿ ಮೂಡಿತು. ಕರ್ಕ್ ಆಗಾಗ ಹಾಕುವ ಇನ್ನೊಂದು ಅಂಗಿ ಇದೆಯಲ್ಲ, ಸೊಂಟಕ್ಕೆ ಸುತ್ತಿಕೊಳ್ಳುವಂಥದ್ದು, ಟ್ರಿಬಲ್ ಅನ್ನುವ ರೋಮದ ಉಂಡೆಯಂಥ ಪ್ರಾಣಿಗಳ ರಾಶಿಯಲ್ಲಿ ಹೂತು ನಿಂತಾಗ ತೊಟ್ಟಿದ್ದು? ಅದರ ಬಟ್ಟೆ ಬೇರೆ. ಹಾಗಾಗಿ ಅದು ಮಾತ್ರ ಹಸಿರಾಗಿಯೇ ಕಾಣಿಸಿತು. ಇಷ್ಟೆಲ್ಲ ಹೇಳಿದರೂ ಅಣ್ಣ ಒಪ್ಪಲಿಲ್ಲ. “ನಾನು ಕಂಡಿದ್ದು ಹೊಂಬಣ್ಣ. ಕಂಡಿದ್ದೇ ನಿಜ” ಅಂದ. ಮುಂದಿನ ಸರಣಿಗಳೂ ಅವನ ಪರವೇ. ಈ ಅಂಗಿ ಅಲ್ಲಿ ಮತ್ತೆ ಬಂದಾಗಲೆಲ್ಲ ಹಳದಿಯೇ.

ವೆಲೂರ್ ಇನ್ನೊಂದು ಕಾಟ ಕೊಡುತ್ತಿತ್ತು. ಡ್ರೈ ಕ್ಲೀನಿಂಗ್‌ಗೆ ಹೋಗಿ ಬಂದ ಪ್ರತಿ ಸಲವೂ ಕುಗ್ಗುತ್ತಿತ್ತು. ಮೂರನೇ ವರ್ಷಕ್ಕೆ ನೈಲಾನ್ ತಂದರು. ಕರ್ಕ್ ದಪ್ಪ ಆಗುತ್ತಿದ್ದಾನೆ ಅಂತ ನಾವು ನಕ್ಕಿದ್ದೆವಲ್ಲ, ಅದರಲ್ಲಿ ಅರ್ಧ ಪಾಪವಾದರೂ ಬಟ್ಟೆಯದ್ದು.

ಅಂಗಿ ಕತ್ತರಿಸುತ್ತಾ ಮಾತು ಬೇರೆ ಸಮವಸ್ತ್ರಗಳ ಕಡೆ ಹೋಯಿತು. 1979ರ ಸಿನಿಮಾದ ಬೂದು ಬಟ್ಟೆಗಳನ್ನು ಮೂವರೂ ಒಟ್ಟಿಗೆ ಬೈದೆವು. ಮಲಗುವಾಗ ಹಾಕಿಕೊಳ್ಳುವ ಪೈಜಾಮ ಅವು. 1982ರ ಮರೂನ್ ಕೋಟು ನನಗೆ ಪ್ರಾಣ. ಅದನ್ನು ತೊಟ್ಟವರು ನಿಜವಾಗಿಯೂ ಹಡಗು ನಡೆಸುವವರ ಹಾಗೆ ಕಾಣುತ್ತಾರೆ. ಅಣ್ಣನ ಮಗಳಿಗೆ ಅದು ಬ್ಯಾಂಡ್‌ಸೆಟ್ಟಿನವರ ಕೋಟಿನ ಹಾಗೆ ಕಾಣುತ್ತದಂತೆ. ಇರಲಿ, ಚಿಕ್ಕ ವಯಸ್ಸು.

1987ರ ನೆಕ್ಸ್ಟ್ ಜನರೇಶನ್ ಸರಣಿಯ ಕಥೆಯೇ ಬೇರೆ. ಮೊದಲ ಎರಡು ವರ್ಷ ನಟರಿಗೆ ಮೈಗಂಟುವ ಸ್ಪ್ಯಾಂಡೆಕ್ಸ್. ಸುಕ್ಕು ಕಾಣಬಾರದು ಅಂತ ಒಂದು ಅಳತೆ ಚಿಕ್ಕದಾಗಿಯೇ ಹೊಲಿಸುತ್ತಿದ್ದರು. ದಿನವಿಡೀ ಅದರೊಳಗೆ ನಿಂತು, ಕ್ಯಾಪ್ಟನ್ ಪಿಕಾರ್ಡ್ ಪಾತ್ರದ ಪ್ಯಾಟ್ರಿಕ್ ಸ್ಟೀವರ್ಟ್‌ಗೆ ಬೆನ್ನುನೋವು. ಮೂರನೇ ವರ್ಷ ಉಣ್ಣೆಯ ಎರಡು ತುಂಡಿನ ಉಡುಪು ಬಂತು. ಕೂತು ಎದ್ದಾಗಲೆಲ್ಲ ಅದು ಮೇಲಕ್ಕೆ ಸರಿಯುತ್ತಿತ್ತು, ಅವರು ಕೆಳಗೆ ಜಗ್ಗುತ್ತಿದ್ದರು. ಆ ಜಗ್ಗುವಿಕೆಗೆ ಅಭಿಮಾನಿಗಳು ‘ಪಿಕಾರ್ಡ್ ಮನೂವರ್’ ಅಂತ ಹೆಸರಿಟ್ಟರು. ಕಥೆಯಲ್ಲಿ ಅದು ಪಿಕಾರ್ಡ್ ಕಂಡುಹಿಡಿದ ಯುದ್ಧತಂತ್ರದ ಹೆಸರು! ಅಣ್ಣ ಈಗಲೂ ಕುರ್ಚಿಯಿಂದ ಏಳುವಾಗ ಬನಿಯನ್ ಹಾಗೇ ಜಗ್ಗುತ್ತಾನೆ. ತನಗೇ ಗೊತ್ತಿಲ್ಲ.

“ನೀವಿಬ್ಬರೂ ಬರೀ ಗಂಡಸರ ಬಟ್ಟೆ ಮಾತಾಡ್ತಿದ್ದೀರಿ” ಅಂದಳು ಅವಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಆಮೇಲೆ ಡಿಯಾನಾ ಟ್ರಾಯ್ ವಿಷಯ ತೆಗೆದಳು. ಅದೇ ಸರಣಿಯ ಪಾತ್ರ, ಬೇರೆಯವರ ಮನಸ್ಸಿನ ಭಾವನೆ ಗ್ರಹಿಸಬಲ್ಲ ಹಡಗಿನ ಅಧಿಕಾರಿ ಆಕೆ. ಆದರೂ ಆರನೇ ವರ್ಷದ ತನಕ ಬಹುಪಾಲು ಕತ್ತು ಇಳಿದ, ಮೈಗಂಟಿದ ಬಟ್ಟೆಯಲ್ಲೇ ಇದ್ದಳು. 1992ರಲ್ಲಿ ‘ಚೈನ್ ಆಫ್ ಕಮಾಂಡ್’ ಕಂತಿನಲ್ಲಿ ಜೆಲಿಕೊ ಅನ್ನುವ ಹೊಸ ಕ್ಯಾಪ್ಟನ್ ಬಂದು, ಬ್ರಿಜ್‌ಗೆ, ಅಂದರೆ ಹಡಗು ನಡೆಸುವ ಕೋಣೆಗೆ, ಸಮವಸ್ತ್ರ ಹಾಕಿಕೊಂಡು ಬಾ ಅನ್ನುತ್ತಾನೆ. ಅಲ್ಲಿಂದಾಚೆ ತನ್ನ ಪಾತ್ರಕ್ಕೆ ಬುದ್ಧಿ ವಾಪಸ್ ಬಂತು ಅಂತ ನಟಿ ಮರೀನಾ ಸರ್ಟಿಸ್ ಅವರೇ ನಗುತ್ತಾ ಹೇಳಿಕೊಂಡಿದ್ದಾರೆ. ಇದನ್ನು ಅಲ್ಲಿಗೇ ಬಿಡದೆ ಅವಳು ಕಂತು ಕಂತು ಲೆಕ್ಕ ಕೊಟ್ಟಳು. ಮೊದಲು ಆಕೆಯ ಮಾತು ಏನಿತ್ತು? ಎದುರಿನ ಹಡಗಿನವನಿಗೆ ಸಿಟ್ಟು ಬಂದಿದೆ, ಏನೋ ಮುಚ್ಚಿಡುತ್ತಿದ್ದಾನೆ, ಅಷ್ಟೆ. ಸಿಟ್ಟು ಬಂದದ್ದು ನಮಗೂ ಕಾಣುತ್ತಿತ್ತು! 1993ರಲ್ಲಿ ಅದೇ ಟ್ರಾಯ್ ರೊಮುಲನ್ ಗೂಢಚಾರ ಪಡೆಯವಳ ವೇಷದಲ್ಲಿ, ಅಗಲ ಭುಜದ ಕೋಟು ತೊಟ್ಟು, ಶತ್ರು ಹಡಗಿನ ಕಮಾಂಡರ್ ಮೇಲೆ ಜೋರು ಮಾಡುತ್ತಾಳೆ. 1994ಕ್ಕೆ ಪರೀಕ್ಷೆ ಬರೆದು ತಾನೇ ಕಮಾಂಡರ್ ಆಗುತ್ತಾಳೆ.

ನಾನು ಮಿಷನ್ ನಿಲ್ಲಿಸಿ ಕೂತೆ. ಬಟ್ಟೆಯ ಜಗಳ ಬೇರೆ, ಡೈಲಾಗಿನ ಜಗಳ ಬೇರೆ ಅಂತ ಇಷ್ಟು ವರ್ಷ ಅಂದುಕೊಂಡಿದ್ದೆ. ಅವೆರಡೂ ಒಂದೇ. ಆಕೆಗೆ ಅಂಥ ಬಟ್ಟೆ ತೊಡಿಸಿದವರು ಅಂಥ ಮಾತನ್ನೇ ಬರೆದರು, ಅಲ್ವಾ?

ಮಿನಿಸ್ಕರ್ಟ್ ಬಗ್ಗೆ ಮಾತ್ರ ಹೀಗೆ ಸಲೀಸಾಗಿ ಹೇಳಲಾರೆ. ಮೊದಲ ಸರಣಿಯ ಆರಂಭದ ಪ್ರಾಯೋಗಿಕ ಕಂತಿನಲ್ಲಿ ಹೆಂಗಸರಿಗೆ ಪ್ಯಾಂಟ್ ಇತ್ತು, ಆಮೇಲೆ ಗಿಡ್ಡ ಸ್ಕರ್ಟ್ ಬಂತು. ಆದರೆ ಉಹುರಾ ಪಾತ್ರದ ನಿಶೆಲ್ ನಿಕೋಲ್ಸ್ ಅದನ್ನು ಅವಮಾನ ಅಂದುಕೊಳ್ಳಲಿಲ್ಲ. ಅರವತ್ತರ ದಶಕದಲ್ಲಿ ಅದು ಬಿಡುಗಡೆಯ ಉಡುಪು ಅಂದರು. ತೊಟ್ಟವರ ಮಾತಿಗೆ ಎದುರಾಡಲು ನಾನ್ಯಾರು.

ಮಧ್ಯಾಹ್ನ ತೋಳು ಕೂಡಿಸುವಾಗ ಬೈಗುಳದ ಸರದಿ. ಶುರು ಮಾಡಿದ್ದು ಅಣ್ಣನೇ. 2017ರಲ್ಲಿ ಡಿಸ್ಕವರಿ ಸರಣಿಯಲ್ಲಿ ಟಿಲ್ಲಿ ಅನ್ನುವ ಕೆಡೆಟ್ ಖುಷಿ ತಡೆಯಲಾರದೆ ಎಫ್‌ನಿಂದ ಶುರುವಾಗುವ ಆ ಮಾತು ಹೇಳಿಬಿಟ್ಟಳು. ಸ್ಟಾರ್ ಟ್ರೆಕ್‌ನಲ್ಲಿ ಅದೇ ಮೊದಲು. 2020ರಲ್ಲಿ ಒಬ್ಬ ಅಡ್ಮಿರಲ್ ಅದೇ ಮಾತನ್ನು ಪಿಕಾರ್ಡ್ ಮುಖಕ್ಕೇ ಎಸೆದರು. ಅಣ್ಣನಿಗೆ ಇವತ್ತಿಗೂ ಅದು ನುಂಗಲಾರದ ತುತ್ತು.

ಅವನ ಹತ್ತಿರ ಪುರಾವೆಯೂ ಇದೆ. 1986ರ ಸಿನಿಮಾದಲ್ಲಿ ಕರ್ಕ್ ಮತ್ತು ಅವನ ಜೊತೆಯ ಅಧಿಕಾರಿ ಸ್ಪಾಕ್ ಮುಂದಿನ ಕಾಲದಿಂದ ಇಪ್ಪತ್ತನೇ ಶತಮಾನದ ಸ್ಯಾನ್ ಫ್ರಾನ್ಸಿಸ್ಕೋಗೆ ಬರುತ್ತಾರೆ. ಇಲ್ಲಿಯ ಜನ ಬೈಗುಳ ಇಲ್ಲದೆ ಮಾತಾಡುವುದಿಲ್ಲ ಅಂತ ಕರ್ಕ್ ವಿವರಿಸುತ್ತಾನೆ. ಸ್ಪಾಕ್ ಅದನ್ನು ‘ಬಣ್ಣದ ರೂಪಕಗಳು’ ಅನ್ನುತ್ತಾನೆ. ತಾನೂ ಕಲಿತು, ಎಲ್ಲೆಲ್ಲೋ ತಪ್ಪು ಜಾಗದಲ್ಲಿ ಬಳಸುತ್ತಾನೆ. “ಅಂದರೆ ಮುಂದಿನ ಕಾಲದಲ್ಲಿ ಜನ ಹಾಗೆ ಬೈಯಲ್ಲ ಅಂತ ಅವರೇ ಒಪ್ಪಿಕೊಂಡ ಹಾಗಾಯ್ತಲ್ಲ” ಅಂದ ಅಣ್ಣ.

“ಪಿಕಾರ್ಡ್ ಫ್ರೆಂಚ್‌ನಲ್ಲಿ ಬೈದಿದ್ದು?” ಅಂದಳು ಮಗಳು. “1994ರ ಸಿನಿಮಾದಲ್ಲಿ ಹಡಗು ಬೀಳುವಾಗ ಆ ಯಂತ್ರಮಾನವ ಡೇಟಾ ಅಂದಿದ್ದು?”

“ಫ್ರೆಂಚ್ ಲೆಕ್ಕಕ್ಕಿಲ್ಲ.”

ನನಗೆ ಬೈಗುಳದ ಮೇಲೆ ಸಿಟ್ಟಿಲ್ಲ. ಟಿಲ್ಲಿಯದ್ದು ಚಿಕ್ಕ ಹುಡುಗಿಯ ಬಾಯಿಂದ ಜಾರಿದ ಮಾತು, ಜಾರಿದ ತಕ್ಷಣ ನಾಲಿಗೆ ಕಚ್ಚಿಕೊಳ್ಳುತ್ತಾಳೆ, ಚೆನ್ನಾಗಿದೆ. ಅಡ್ಮಿರಲ್ ಬಾಯಲ್ಲಿ ಮಾತ್ರ ಅದು ಒಗ್ಗಲಿಲ್ಲ. ಅಷ್ಟು ದೊಡ್ಡ ಹುದ್ದೆಯಲ್ಲಿರುವವರಿಗೆ ಒಬ್ಬನನ್ನು ಹೊರಗೆ ಕಳಿಸಲು ದನಿ ತಗ್ಗಿಸಿದರೆ ಸಾಕು. ಬರೆದವರು ಆ ಸಮವಸ್ತ್ರಕ್ಕೆ ಅಷ್ಟು ಬೆಲೆ ಕೊಡಬೇಕಿತ್ತು.

ಊಟ ಆದ ಮೇಲೆ ನಾನೇ ಹಟ ಮಾಡಿ 1967ರ ಏಪ್ರಿಲ್‌ನ ಕಂತು ಹಾಕಿಸಿದೆ, ‘ದಿ ಸಿಟಿ ಆನ್ ದಿ ಎಡ್ಜ್ ಆಫ್ ಫಾರೆವರ್’. ಇತಿಹಾಸ ಉಳಿಯಬೇಕಾದರೆ, ಹಿಂದಿನ ಕಾಲಕ್ಕೆ ಹೋದ ಕರ್ಕ್ ತಾನು ಪ್ರೀತಿಸಿದ ಈಡಿತ್ ಸಾಯುವುದನ್ನು ನೋಡುತ್ತಾ ನಿಲ್ಲಬೇಕು. ನಿಲ್ಲುತ್ತಾನೆ. ವಾಪಸ್ ಬಂದ ಮೇಲೆ ಅವನು ಆಡುವುದು ಒಂದೇ ವಾಕ್ಯ. ಅದರಲ್ಲಿ ‘ಹೆಲ್’ ಅನ್ನುವ ಪದ ಇದೆ. ಆ ಕಾಲದ ಅಮೆರಿಕದ ಟಿವಿಯಲ್ಲಿ ತೀರಾ ಅಪರೂಪದ್ದು. ಕನ್ನಡದಲ್ಲಿ ಆದರೆ ‘ಈ ಹಾಳು ಜಾಗ ಬಿಟ್ಟು ನಡೀರಿ’ ಅನ್ನುತ್ತಿದ್ದನೇನೋ. ಕಂತು ಅಲ್ಲಿಗೆ ಮುಗಿಯುತ್ತದೆ. ಮೂವರೂ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆವು.

ಆಮೇಲೆ ಕನ್ನಡದ ಮಾತೇ ಹಿಡಿದು ಇನ್ನೊಂದು ಆಟ ಶುರು. ಸ್ಪಾಕ್ ಕನ್ನಡ ಮಾತಾಡಿದರೆ ಕರ್ಕ್‌ಗೆ ‘ನೀನು’ ಅನ್ನುತ್ತಾನೋ, ‘ನೀವು’ ಅನ್ನುತ್ತಾನೋ? ಇಂಗ್ಲಿಷಿನಲ್ಲಿ ಈ ಗೋಜೇ ಇಲ್ಲ. ಹಡಗಿನ ಡಾಕ್ಟರ್ ಮೆಕಾಯ್ ಎಲ್ಲರಿಗೂ ‘ನೀನು’ ಅನ್ನುತ್ತಾನೆ, ಬೈಯುವಾಗ ‘ಏನಯ್ಯಾ’ ಕೂಡ. ಅದರಲ್ಲಿ ಜಗಳವಿಲ್ಲ. ಸ್ಪಾಕ್ ‘ನೀವು’ ಬಿಡುವುದಿಲ್ಲ ಅಂತ ಅಣ್ಣ. ನಾನು ‘ಅಮಾಕ್ ಟೈಮ್’ ಕಂತು ನೆನಪು ಮಾಡಿದೆ. ತನ್ನ ಕೈಯಾರೆ ಕೊಂದೆ ಅಂದುಕೊಂಡಿದ್ದ ಕರ್ಕ್ ಜೀವಂತ ಎದುರಿಗೆ ನಿಂತಾಗ ಸ್ಪಾಕ್ ಮೊದಲು “ಕ್ಯಾಪ್ಟನ್!” ಅನ್ನುತ್ತಾನೆ, ಮರುಗಳಿಗೆಯೇ ಹೆಸರು ಹಿಡಿದು “ಜಿಮ್!” ಮುಖದ ತುಂಬ ನಗು ಬೇರೆ. ಆ ಎರಡು ಪದಗಳ ನಡುವೆ ‘ನೀವು’ ಹೋಗಿ ‘ನೀನು’ ಆಯಿತಲ್ಲ. ಅಣ್ಣ ತುಂಬ ಹೊತ್ತು ಯೋಚಿಸಿ, “ಆಮೇಲೆ ಮತ್ತೆ ನೀವು” ಅಂದ. ಅದೂ ಸರಿಯೇ.

ರಾತ್ರಿ ಒಂಬತ್ತರ ಹೊತ್ತಿಗೆ ಅಂಗಿ ಸಿದ್ಧವಾಯಿತು. ತೋಳಿಗೆ ಎರಡು ಪೂರ್ತಿ ಪಟ್ಟಿ, ನಡುವೆ ಒಂದು ತುಂಡು ಪಟ್ಟಿ, ಕ್ಯಾಪ್ಟನ್‌ಗೆ ಇರಬೇಕಾದ ಹಾಗೆಯೇ. ಅವಳು ತೊಟ್ಟು ಹಳದಿ ಬಲ್ಬಿನ ಕೆಳಗೆ ನಿಂತಳು. ನಾನು ಫೋನಿನಲ್ಲಿ ಫೋಟೋ ತೆಗೆದು ಅಣ್ಣನ ಕೈಗೆ ಕೊಟ್ಟೆ. ಕನ್ನಡಕ ಏರಿಸಿ ನೋಡಿದ.

“ನೋಡಿದ್ಯಾ? ಹೊಂಬಣ್ಣ!” ಅಂತ ಕುಣಿದ. ಎದ್ದವನೇ ಬನಿಯನ್ ಕೆಳಗೆ ಜಗ್ಗಿಕೊಂಡ.