ಗದ್ದೆ ನೀರಿನ ಎರಡು ಬಾಟಲಿ

ಪಿಯುಸಿ ಮೊದಲ ವರ್ಷದವರಿಗೆ ಪಾಚಿಯ ಪ್ರಾಕ್ಟಿಕಲ್ ಅಂದರೆ ಪೆಟ್ಟಿಗೆಯಿಂದ ಹಳೇ ಸ್ಲೈಡ್ ತೆಗೆದು ತೋರಿಸುವುದು, ರೆಕಾರ್ಡ್‌ನಲ್ಲಿ ಚಿತ್ರ ಬರೆಸುವುದು. ನನಗೆ ಅದು ಸಾಲದು. ಬಣ್ಣ ಹಾಕಿಟ್ಟ ಸತ್ತ ಪಾಚಿ ನೋಡಿದರೆ ಅದು ಬದುಕುವ ರೀತಿ ಹೇಗೆ ಗೊತ್ತಾಗಬೇಕು? ಅದಕ್ಕೇ ಈ ಸಲ "ನಿಮ್ಮ ಮನೆ ಹತ್ತಿರದ ನೀರು ತನ್ನಿ" ಅಂದೆ. ದಾವಣಗೆರೆಯಲ್ಲಿ ಭದ್ರಾ ಕಾಲುವೆ ಇದೆ, ಅದರಿಂದ ತುಂಬುವ ಕುಂದವಾಡ ಕೆರೆ ಇದೆ, ಸುತ್ತ ಭತ್ತದ ಗದ್ದೆಗಳಿವೆ.

ಕೆರೆ ನೀರಿನಲ್ಲಿ ಡಯಾಟಮ್ ಎಂಬ ಒಂಟಿಕೋಶದ ಪಾಚಿಗಳು ಸಿಕ್ಕವು. ಕಾಲುವೆ ಅಂಚಿನ ಜಾರುವ ಎಳೆಗಳಲ್ಲಿ ಸ್ಪೈರೋಗೈರಾ ಎಂಬ ಹಸಿರು ಪಾಚಿ, ಒಳಗೆ ಸುರುಳಿ ಸುತ್ತಿದ ಹಸಿರು ಪಟ್ಟಿ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಹರಿಹರದ ಕಡೆಯಿಂದ ಬರುವ ಹುಡುಗಿ ತಂದ ಎರಡು ಬಾಟಲಿ. ಒಂದು ಯೂರಿಯಾ ಎರಚಿದ ಗದ್ದೆಯ ನೀರು, ಇನ್ನೊಂದು ಇನ್ನೂ ಗೊಬ್ಬರ ಕಾಣದ ಗದ್ದೆಯದು.

ಎರಡನೆಯದರ ಒಂದು ಹನಿ ಸ್ಲೈಡಿಗೆ ಹಾಕಿ, ಕವರ್‌ಸ್ಲಿಪ್ ಮುಚ್ಚಿ, ದೊಡ್ಡ ಲೆನ್ಸ್‌ಗೆ ತಿರುಗಿಸಿದೆ. ಅನಬೀನಾ ಎಂಬ ನೀಲಿಹಸಿರು ಪಾಚಿ! ಮಣಿಸರದಂತೆ ಸಾಲಾಗಿ ಜೀವಕೋಶಗಳು. ನಡುನಡುವೆ ಒಂದೊಂದು ಮಾತ್ರ ಸ್ವಲ್ಪ ದಪ್ಪ, ತಿಳಿ ಹಳದಿ, ಗೋಡೆ ಗಟ್ಟಿ. ಅದೇ ಹೆಟೆರೋಸಿಸ್ಟ್. ಗಾಳಿಯ ಸಾರಜನಕವನ್ನು ಹಿಡಿಯುವ ಕೆಲಸ ಅಲ್ಲೇ ನಡೆಯುವುದು. ಆ ಕೆಲಸ ಮಾಡುವ ಕಿಣ್ವಕ್ಕೆ ಆಮ್ಲಜನಕ ತಾಗಬಾರದು, ಅದಕ್ಕೇ ಆ ದಪ್ಪ ಗೋಡೆ. ಅದು ಪಕ್ಕದವರಿಗೆ ಸಾರಜನಕ ಕೊಡುತ್ತದೆ, ಅವರಿಂದ ಸಕ್ಕರೆ ಪಡೆಯುತ್ತದೆ. ಎಷ್ಟು ಚೆಂದದ ಏರ್ಪಾಡು ಅಲ್ವಾ!

ಯೂರಿಯಾ ಗದ್ದೆಯ ಹನಿಯಲ್ಲೂ ಅನಬೀನಾ ಇತ್ತು. ಆದರೆ ದಪ್ಪ ಕೋಶ ಹುಡುಕಿದರೂ ಅಪರೂಪ. ಯೂರಿಯಾದಿಂದ ನೀರಿನಲ್ಲೇ ಸಾರಜನಕ ಸಿಗುವಾಗ ಅದು ಹೆಟೆರೋಸಿಸ್ಟ್ ಕಟ್ಟುವ ಗೋಜಿಗೆ ಹೋಗುವುದಿಲ್ಲ. ಇದನ್ನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಊರಿನ ನೀರಿನಲ್ಲಿ ಕಂಡಾಗ ಮೈ ಜುಮ್ಮೆಂದಿತು.

"ಮೇಡಂ, ಪಾಚಿ ಬಂದ್ರೆ ಪೈರು ಹಾಳು ಅಂತಾರೆ ನಮ್ಮಪ್ಪ. ಮೈಲುತುತ್ತ ಬಟ್ಟೆಯಲ್ಲಿ ಕಟ್ಟಿ ನೀರು ಬರೋ ಕಡೆ ಇಡ್ತಾರೆ," ಅಂದಳು.

ಅವರಪ್ಪ ಹೇಳುವುದೂ ನಿಜ. ಎಳೆಎಳೆಯಾಗಿ ಹಾಸಿಕೊಳ್ಳುವ ಹಸಿರು ಪಾಚಿ ಎಳೇ ಪೈರನ್ನು ಬೇರುಸಮೇತ ಮೇಲೆತ್ತಿಬಿಡುತ್ತದೆ. ಆದರೆ ಮೈಲುತುತ್ತ ಒಳ್ಳೇದು ಕೆಟ್ಟದ್ದು ನೋಡುವುದಿಲ್ಲ, ಅನಬೀನಾವನ್ನೂ ಕೊಲ್ಲುತ್ತದೆ. ಭತ್ತದ ಗದ್ದೆಯ ನೀಲಿಹಸಿರು ಪಾಚಿ ಮಣ್ಣಿಗೆ ಸಾರಜನಕ ಸೇರಿಸುತ್ತದೆ ಎಂದು ವಿಜ್ಞಾನಿ ಪಿ.ಕೆ. ಡೇ 1939ರಲ್ಲೇ ತೋರಿಸಿದ್ದರು. ಅನುಕೂಲ ಇದ್ದರೆ ಒಂದು ಬೆಳೆಗೆ ಹೆಕ್ಟೇರಿಗೆ 20ರಿಂದ 30 ಕೆಜಿವರೆಗೂ ಸಿಗಬಹುದು. ಯೂರಿಯಾ ಪೂರ್ತಿ ಬಿಡಿ ಎಂದು ನಾನು ಹೇಳುವುದಿಲ್ಲ, ಅಷ್ಟರಿಂದ ಈಗಿನ ತಳಿಗಳಿಗೆ ಸಾಲುವುದಿಲ್ಲ. ಆದರೆ ಪುಕ್ಕಟೆ ಬರುವುದನ್ನು ಸುಮ್ನೆ ಕಳೆದುಕೊಳ್ಳುವುದೇಕೆ?

"ಯೂರಿಯಾ ಖಾಲಿಯಾದ್ಮೇಲೆ ಆ ದಪ್ಪ ಕೋಶ ಮತ್ತೆ ಬರುತ್ತಾ ಮೇಡಂ? ಎಷ್ಟು ದಿನಕ್ಕೆ?" ಅಂತ ಕೇಳಿದಳು. ನೋಡಿಯೇ ತಿಳಿಯೋಣ ಅಂದೆ. ಒಂದೇ ಗದ್ದೆಯ ನೀರನ್ನು ಎರಡು ಗಾಜಿನ ಜಾಡಿಗೆ ಹಾಕಿ ಲ್ಯಾಬಿನ ಕಿಟಕಿಯಲ್ಲಿಟ್ಟಿದ್ದೇವೆ. ಒಂದಕ್ಕೆ ಮಾತ್ರ ಚಿಟಿಕೆ ಯೂರಿಯಾ. ಸೋಮವಾರದ ಸ್ಲೈಡ್ ಅವಳೇ ಮಾಡುತ್ತಾಳೆ.